ತಾಳವಿಲ್ಲ, ಮದ್ದಳೆಯಿಲ್ಲ: ಒಂದು ಲ್ಯಾಟಿನ್ ಕ್ರಿಸ್‌ಮಸ್ ಸಿಡಿ

ನಾನು ಕುಂಬಳೆಯವನು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು. ಚೆಂಡೆ ಮದ್ದಳೆ ಇಲ್ಲದ ಹಾಡು ನನಗೆ ಉಪ್ಪಿಲ್ಲದ ಗಂಜಿ. ಆದರೂ ಮಂಗಳೂರಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ 250 ರೂಪಾಯಿ ಕೊಟ್ಟು ಈ ಸಿಡಿ ತಂದೆ. ಕ್ರೈಸ್ತ ಮಠದ ಸನ್ಯಾಸಿಗಳು ಹಾಡಿದ ಗ್ರೆಗೋರಿಯನ್ ಹಾಡುಗಳು, ಅಂದರೆ ಕ್ಯಾಥೊಲಿಕ್ ಚರ್ಚಿನ ಹಳೇ ಲ್ಯಾಟಿನ್ ಹಾಡುಗಳು, ಎಲ್ಲವೂ ಕ್ರಿಸ್‌ಮಸ್ಸಿನವು. ನೂರಾರು ವರ್ಷ ಹಳೆಯವು.

ಮೊದಲು ದೂರು. ಡಬ್ಬಿ ಒಡೆದಿತ್ತು, ಒಳಗಿನ ಪುಸ್ತಕ ಮಾಯ. ಅರ್ಥ ಬೇಕಿದ್ದರೆ ನಾವೇ ಹುಡುಕಬೇಕು. ಕೇಳಿದ್ದಕ್ಕೆ ಅಂಗಡಿಯವರು, "ಹಾಡು ಉಂಟಲ್ಲ, ಮತ್ತೆಂತ?" ಅಂದರು.

ಮೊದಲನೆಯದು ನಡುರಾತ್ರಿಯ ಪೂಜೆಯ ಆರಂಭದ ಹಾಡು, 'ದೋಮಿನುಸ್ ದಿಕ್ಸಿತ್'. ನಾಲ್ಕೈದು ಸ್ವರದೊಳಗೇ ಸುತ್ತುತ್ತದೆ. ನನಗೆ ನಿದ್ದೆ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹಗಲಿನ ಪೂಜೆಯ 'ಪೂಎರ್ ನಾತುಸ್ ಎಸ್ತ್ ನೋಬಿಸ್' ಬಂತು. ನಮಗೊಂದು ಮಗು ಹುಟ್ಟಿದೆ ಅಂತ ಅರ್ಥ, ಮಾತು ಯೆಶಾಯನ ಗ್ರಂಥದ್ದು. ಮೊದಲ ಪದದಲ್ಲೇ ಸ್ವರ ಷಡ್ಜದಿಂದ ಪಂಚಮಕ್ಕೆ ಒಂದೇ ನೆಗೆತ! ನಾನು ಎದ್ದು ಕೂತೆ. ಅವರ ಲೆಕ್ಕದಲ್ಲಿ ಇದು ಏಳನೇ ಮೋಡ್, ಅಂದರೆ ಏಳನೇ ಸ್ವರಕ್ರಮ. ಸ್ವರಗಳನ್ನು ಜೋಡಿಸಿ ನೋಡಿದರೆ ನಮ್ಮ ಹರಿಕಾಂಭೋಜಿ ರಾಗದವೇ. ಆದರೆ ರಾಗ ಅಂತ ಕೇಳಲು ಹೋಗಬೇಡಿ, ಗಮಕವೇ ಇಲ್ಲ, ಸ್ವರವನ್ನು ಓಲಾಡಿಸುವುದೇ ಇಲ್ಲ. ತಾಳವೂ ಇಲ್ಲ, ಮಾತು ಹೋದ ಹಾಗೆ ಹಾಡು ಹೋಗುತ್ತದೆ. ಶ್ರುತಿಪೆಟ್ಟಿಗೆಯೂ ಇಲ್ಲದೆ ಅಷ್ಟು ಜನ ಒಂದೇ ಗಂಟಲಿನಂತೆ ಹಾಡುತ್ತಾರಲ್ಲ, ಅದಕ್ಕೆ ಮಾತ್ರ ಕೈಮುಗಿಯಬೇಕು.

ರೆಕಾರ್ಡಿಂಗಿನಲ್ಲಿ ಪ್ರತಿಧ್ವನಿ ಸ್ವಲ್ಪ ಜಾಸ್ತಿ. ಸಾಲಿನ ಕೊನೆಯ ಅಕ್ಷರ ಮುಂದಿನ ಸಾಲಿನ ಮೇಲೆ ಬೀಳುತ್ತದೆ.

ಸಿಡಿ ಹಾಕಲು ನನ್ನಲ್ಲಿರುವುದು ಹಳೇ ಕಾರಿನ ಪ್ಲೇಯರ್ ಮಾತ್ರ. ಓಡುವ ಕಾರಿನಲ್ಲಿ ಕೇಳಿದರೆ ತಗ್ಗಿನ ಸ್ವರವೆಲ್ಲ ಎಂಜಿನ್ನಿನ ಪಾಲು. ಹಾಗಾಗಿ ಅಂಗಳದಲ್ಲೇ ಕಾರು ನಿಲ್ಲಿಸಿ, ಗ್ಲಾಸು ಏರಿಸಿ ಕೇಳಿದೆ. ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆ ಕೊಡಲು ಬಂದ ಪಕ್ಕದ ಮನೆಯ ಬಾಯಮ್ಮ, "ಕಾರಿನೊಳಗೆ ಎಂತ ಮಾಡ್ತೀರಿ ಮಾರಾಯ್ರೆ?" ಅಂತ ಬಗ್ಗಿ ನೋಡಿದರು. ಅವರೂ ಹತ್ತಿ ಕೂತರು. ಅವರು ಬೇಳ ಊರಿನ ಇಗರ್ಜಿಯವರು, ಅಂದರೆ ಅಲ್ಲಿನ ಚರ್ಚಿನವರು. 1960ರ ದಶಕದಲ್ಲಿ ಕ್ಯಾಥೊಲಿಕ್ ಧರ್ಮಗುರುಗಳ ವ್ಯಾಟಿಕನ್ ಮಹಾಸಭೆ ಆದ ಮೇಲೆ ಪೂಜೆ ಕೊಂಕಣಿಗೆ ಬಂತು. ಅದಕ್ಕೆ ಮೊದಲು ಲ್ಯಾಟಿನ್ನೇ. ಸಣ್ಣವರಿದ್ದಾಗ ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದ್ದರಂತೆ.

'ಓದಿಯೆ ಕ್ರಿಸ್ತುಸ್ ನಾತುಸ್ ಎಸ್ತ್' ಬಂದಾಗ ಅವರ ತುಟಿ ಅಲ್ಲಾಡಿತು. ಸಂಜೆಯ ಪ್ರಾರ್ಥನೆಯ ಹಾಡದು. 'ಓದಿಯೆ' ಅಂದರೆ 'ಇಂದು'. ಚಿಕ್ಕ ಹಾಡಿನಲ್ಲಿ ನಾಲ್ಕು ಸಲ ಬರುತ್ತದೆ. ನಾಲ್ಕನೆಯದಕ್ಕೆ ಬಾಯಮ್ಮನೂ ಸ್ವರ ಸೇರಿಸಿದರು, ಸ್ವಲ್ಪ ಅಪಸ್ವರದಲ್ಲಿ.

ಪುಸ್ತಕವಿಲ್ಲದೆ 250ಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ನನ್ನದನ್ನು ಎರವಲು ಕೇಳಬೇಡಿ, ಬಾಯಮ್ಮ ಒಯ್ದಿದ್ದಾರೆ. ಅವರ ಮನೆಯಲ್ಲಿ ಪ್ಲೇಯರ್ ಇಲ್ಲ.