ರೀಪರ್ 6 ಸಾಕೇ, 7 ಬೇಕೇ? ಆಡಾಸಿಟಿ, ಕ್ಯೂಬೇಸ್ ಪಕ್ಕಕ್ಕಿಟ್ಟು ಒಂದು ಹೋಲಿಕೆ

ಹಾಡನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಜೋಡಿಸುವ ಸಾಫ್ಟ್‌ವೇರ್‌ಗಳಾದ ರೀಪರ್, ಆಡಾಸಿಟಿ, ಕ್ಯೂಬೇಸ್‌ಗಳ ನಡುವೆ ನನ್ನ ವೋಟು ರೀಪರ್‌ನ 7ನೇ ಆವೃತ್ತಿಗೆ. ಅದನ್ನು ಕೊನೆಯವರೆಗೆ ಬಚ್ಚಿಟ್ಟುಕೊಂಡು ಕಾಯಿಸುವುದರಲ್ಲಿ ಅರ್ಥವಿಲ್ಲ. ಆದರೆ ಈ ವೋಟು ಯಾರ ಪರವಾಗಿ ಎಂಬುದು ಮುಖ್ಯ. ಒಬ್ಬ ಗಾಯಕ ಅಥವಾ ಗಾಯಕಿ, ತಂಬೂರಿ, ತಬಲಾ ಇಲ್ಲವೇ ಮೃದಂಗ, ಜೊತೆಗೊಂದು ಕೊಳಲು, ಹೆಚ್ಚೆಂದರೆ ಕೀಬೋರ್ಡು. ಇಷ್ಟನ್ನು ಮನೆಯ ಕೋಣೆಯಲ್ಲಿ ಎರಡು ಮೈಕ್ ಇಟ್ಟುಕೊಂಡು ಒಂದೊಂದಾಗಿ ರೆಕಾರ್ಡ್ ಮಾಡುವವರ ಲೆಕ್ಕ ಇದು. ಸಿನಿಮಾ ಹಿನ್ನೆಲೆ ಸಂಗೀತ ಕೂರಿಸುವವರ ಅಗತ್ಯ ಬೇರೆ, ಅವರು ಕ್ಯೂಬೇಸ್ ಭಾಗಕ್ಕೆ ಜಿಗಿಯಬಹುದು.

ಮೊದಲು ದುಡ್ಡಿನ ವಿಷಯ, ಯಾಕೆಂದರೆ ಎಷ್ಟೋ ಜನರಿಗೆ ಅಪ್‌ಗ್ರೇಡ್ ಪುಕ್ಕಟೆ ಸಿಗುತ್ತದೆ ಎಂಬುದೇ ಗೊತ್ತಿಲ್ಲ. ರೀಪರ್ ಲೈಸೆನ್ಸ್ ಎರಡು ದೊಡ್ಡ ಆವೃತ್ತಿಗಳಿಗೆ ನಡೆಯುತ್ತದೆ. 6 ಚಾಲ್ತಿಯಲ್ಲಿದ್ದಾಗ, ಅಂದರೆ 2019ರ ಡಿಸೆಂಬರ್‌ನಿಂದ 2023ರ ಅಕ್ಟೋಬರ್ ನಡುವೆ ಕೊಂಡವರಿಗೆ ಅದೇ ಲೈಸೆನ್ಸ್ ಕೀ 7.99 ಆವೃತ್ತಿಯವರೆಗೂ ಸಲ್ಲುತ್ತದೆ. 5ರ ಕಾಲದಲ್ಲಿ ಕೊಂಡವರದು 6.99ಕ್ಕೆ ಮುಗಿಯಿತು, ಅವರು ಹೊಸದಾಗಿ 60 ಡಾಲರ್ ಕೊಡಬೇಕು. ನಮ್ಮ ದುಡ್ಡಿನಲ್ಲಿ ಐದು ಸಾವಿರದ ಆಚೀಚೆ. ಸಂಗೀತದಿಂದ ವರ್ಷಕ್ಕೆ 20,000 ಡಾಲರ್ ದಾಟಿ ಗಳಿಸುವವರು 225 ಡಾಲರ್ ತೆರಬೇಕು. ಭಾವಗೀತೆ ಹಾಡಿ ಅಷ್ಟು ಗಳಿಸುವವರು ಈ ಬರಹ ಓದುವ ತಾಪತ್ರಯದಲ್ಲಿ ಇರಲಾರರು. ಕೊಳ್ಳುವ ಮುಂಚೆ 60 ದಿನ ಯಾವ ಕತ್ತರಿಯೂ ಇಲ್ಲದೆ ಪೂರ್ತಿ ಬಳಸಿ ನೋಡಬಹುದು.

7ರಲ್ಲಿ ಹೊಸದೇನು ಎಂದರೆ ಪಟ್ಟಿ ಉದ್ದವಿದೆ. ಹಾಡುವವರಿಗೆ ನಿಜವಾಗಿ ದಕ್ಕುವುದು ಒಂದೇ: ಲೇನ್‌ಗಳು, ಅಂದರೆ ಒಂದೇ ಟ್ರ್ಯಾಕಿನೊಳಗಿನ ಬೇರೆ ಬೇರೆ ಸಾಲುಗಳು. ಪಲ್ಲವಿಯನ್ನು ನಾಲ್ಕು ಸಲ ಹಾಡಿಸಿ, ಒಂದೊಂದರಿಂದ ಚೆನ್ನಾಗಿ ಬಂದ ತುಂಡು ಆರಿಸಿ ಒಂದು ಮಾಡುವ ಕೆಲಸ ದಿನವೂ ಇರುವಂಥದ್ದು. 6ರಲ್ಲಿ ಇದಕ್ಕೆ ಟೇಕ್‌ಗಳ (ಒಂದೊಂದು ಸಲದ ಹಾಡಿಕೆಗಳ) ವ್ಯವಸ್ಥೆ. ಎಸ್ ಒತ್ತಿದರೆ ನಾಲ್ಕೂ ಟೇಕ್ ಒಂದೇ ಜಾಗದಲ್ಲಿ ತುಂಡಾಗುತ್ತವೆ, ಟಿ ಒತ್ತುತ್ತಾ ಬೇಕಾದ್ದಕ್ಕೆ ಬರಬೇಕು. ಗಡಿಯನ್ನು ಒಂದು ಅಕ್ಷರದಷ್ಟು ಹಿಂದೆ ಸರಿಸಬೇಕು ಅಂದರೆ ಎರಡೂ ಕಡೆಯ ಅಂಚು ಹೊಂದಿಸುತ್ತಾ ಕೂರಬೇಕು. ಹತ್ತು ಹದಿನೈದು ತುಂಡಾದ ಮೇಲೆ ಆ ಟ್ರ್ಯಾಕ್ ಕೊತ್ತಂಬರಿ ಹೆಚ್ಚಿದ ಹಾಗೆ ಕಾಣುತ್ತದೆ.

7ರಲ್ಲಿ ಟ್ರ್ಯಾಕ್ ಫಲಕದ ಮೇಲೆ ಬಲ ಕ್ಲಿಕ್ ಮಾಡಿ ಫಿಕ್ಸೆಡ್ ಐಟಂ ಲೇನ್ಸ್ ಆರಿಸಿದರೆ ಪ್ರತಿ ಸಲದ ಹಾಡಿಕೆಯೂ ತನ್ನದೇ ಸಾಲಿನಲ್ಲಿ ಕೂರುತ್ತದೆ. ಕಾಂಪಿಂಗ್, ಅಂದರೆ ತುಂಡು ಆರಿಸಿ ಜೋಡಿಸುವ ಕೆಲಸ, ಶುರು ಮಾಡಿದ ಮೇಲೆ ಬೇಕಾದ ಸಾಲಿನ ಮೇಲೆ ಮೌಸ್ ಎಳೆದಷ್ಟು ಭಾಗ ಮೇಲಿನ ಸಿ1 ಎಂಬ ಸಾಲಿಗೆ ಏರುತ್ತದೆ. ಗಡಿ ಹಿಡಿದು ಆಚೀಚೆ ಎಳೆದರೆ ಎರಡೂ ತುಂಡು ಒಟ್ಟಿಗೆ ಸರಿಯುತ್ತವೆ, ಮೂಲ ಹಾಡಿಕೆಗಳು ಇದ್ದ ಹಾಗೇ ಇರುತ್ತವೆ. ಕ್ಯೂಬೇಸ್‌ನಲ್ಲಿ ಇಂಥದ್ದು ಹತ್ತು ವರ್ಷಕ್ಕೂ ಹಿಂದಿನಿಂದ ಇದೆ. ರೀಪರ್ ತಡವಾಗಿ ಬಂದರೂ ಸರಿಯಾಗಿಯೇ ಬಂತು.

ಗಡಿ ಎಲ್ಲಿ ಇಡಬೇಕು ಎಂಬುದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ. ಕನ್ನಡದ ಪದಗಳು ಬಹುತೇಕ ಸ್ವರದಲ್ಲಿ ಮುಗಿಯುತ್ತವೆ, ಹಾಡುವಾಗ ಆ ಸ್ವರ ಮುಂದಿನ ಪದಕ್ಕೆ ಹರಿದುಬಿಡುತ್ತದೆ. ಆ ಎಳೆತದ ನಡುವೆ ಕತ್ತರಿಸಿದರೆ ಕಿವಿಗೆ ಗೊತ್ತಾಗದೆ ಇರದು. ಒತ್ತಕ್ಷರ ಹುಡುಕಿ. ‘ಹತ್ತಿರ’ ಎಂಬ ಪದದ ತ್ತ, ‘ಚುಕ್ಕಿ’ಯ ಕ್ಕ: ನಾಲಿಗೆ ತಡೆದು ನಿಲ್ಲುವ ಆ ಅರೆಕ್ಷಣ ಅಲೆಯ ಚಿತ್ರದಲ್ಲಿ ಬಹುತೇಕ ನೇರ ಗೆರೆಯಾಗಿ ಕಾಣುತ್ತದೆ. ಅಲ್ಲಿ ಕತ್ತರಿಸಿ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ತುಂಡು ತಗ್ಗುತ್ತಾ ಇನ್ನೊಂದು ಏರುವ ಬೆಸುಗೆ) ಕೊಟ್ಟರೆ ಹಾಡಿದವರಿಗೇ ಜೋಡಣೆ ಪತ್ತೆಯಾಗುವುದಿಲ್ಲ.

ಇನ್ನು ರೀಪರ್‌ನ ದೊಡ್ಡ ಕಿರಿಕಿರಿಗೆ ಬರೋಣ. ಇದು 6ರಲ್ಲೂ ಇತ್ತು, 7ರಲ್ಲೂ ಇದೆ. ನಮ್ಮ ಸಂಗೀತದವರನ್ನೇ ಹುಡುಕಿಕೊಂಡು ಬಂದು ಕಾಡುತ್ತದೆ.

ಹೊಸ ಪ್ರಾಜೆಕ್ಟ್ ತೆರೆದಾಗ ಟೆಂಪೋ 120, ಅಂದರೆ ನಿಮಿಷಕ್ಕೆ 120 ಬಡಿತ, ಇರುತ್ತದೆ. ಆಲಾಪನೆಗೆ ತಾಳವಿಲ್ಲ, ಹಾಗಾಗಿ ಆ 120ರ ಕಡೆ ಯಾರೂ ನೋಡುವುದಿಲ್ಲ. 12ನೇ ಸೆಕೆಂಡಿಗೆ ಶುರುವಾಗಿ 40 ಸೆಕೆಂಡ್ ಆಲಾಪನೆ ರೆಕಾರ್ಡ್ ಆಯಿತು ಅನ್ನಿ. ಈಗ ಹಾಡಿನ ನಡೆಗೆ ಸರಿಹೋಗಲಿ ಎಂದು ಟೆಂಪೋ 80 ಮಾಡಿದಿರಿ. ಆಲಾಪನೆ 18ನೇ ಸೆಕೆಂಡಿಗೆ ಜಾರಿ, 60 ಸೆಕೆಂಡಿಗೆ ಹಿಗ್ಗುತ್ತದೆ. ಶ್ರುತಿ ಬದಲಾಗುವುದಿಲ್ಲ, ಯಾಕೆಂದರೆ ಪಿಚ್ ಕಾಪಾಡುವ ಆಯ್ಕೆ ಮೊದಲೇ ಆನ್ ಆಗಿರುತ್ತದೆ. ಮೋಸ ಇರುವುದೇ ಅಲ್ಲಿ. ಶ್ರುತಿ ಕೆಟ್ಟಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಈಗ ಬರೀ ಗಮಕಗಳು ಜಡವಾಗಿ, ತಂಬೂರಿಯ ಜೀವಾಳದ ಝೇಂಕಾರ ನೀರಿನಡಿ ಕೇಳಿದ ಹಾಗೆ ಕದಡಿ, ‘ಇವತ್ತು ಗಂಟಲು ಸರಿಯಿಲ್ಲ’ ಎಂದು ಹಾಡಿದವರ ಮೇಲೆ ತಪ್ಪು ಹೊರಿಸುವಂತಾಗುತ್ತದೆ. ತುಂಡನ್ನು ಆರಿಸಿ ಎಫ್2 ಒತ್ತಿ ನೋಡಿ: ಪ್ಲೇಬ್ಯಾಕ್ ರೇಟ್ 1 ಇರಬೇಕಾದಲ್ಲಿ 0.667ರ ಹತ್ತಿರ ಇದ್ದರೆ ಗಂಟಲಿನ ತಪ್ಪಲ್ಲ.

ಕಾರಣ ಇಷ್ಟೆ. ಪ್ರಾಜೆಕ್ಟಿನ ಟೈಮ್‌ಬೇಸ್ ಮೊದಲಿಂದಲೇ ಬೀಟ್ಸ್ ಎಂದು ಇರುತ್ತದೆ, ಅಂದರೆ ಜಾಗ, ಉದ್ದ, ವೇಗ ಮೂರೂ ಟೆಂಪೋಗೆ ಕಟ್ಟಿಕೊಂಡಿರುತ್ತವೆ. ಲೂಪ್ ಜೋಡಿಸಿ ಸಂಗೀತ ಮಾಡುವವರಿಗೆ ಇದು ವರ. ಅನಿಬದ್ಧವಾಗಿ, ಅಂದರೆ ತಾಳದ ಕಟ್ಟಿಲ್ಲದೆ, ಹಾಡುವವರಿಗೆ ಶನಿ.

ಪರಿಹಾರ ಎರಡು ನಿಮಿಷದ್ದು. ಖಾಲಿ ಪ್ರಾಜೆಕ್ಟಿನಲ್ಲಿ ಆಲ್ಟ್ ಹಿಡಿದು ಎಂಟರ್ ಒತ್ತಿ, ತೆರೆಯುವ ಸೆಟ್ಟಿಂಗ್ ಕಿಟಕಿಯಲ್ಲಿ ಟೈಮ್‌ಬೇಸ್ ಅನ್ನು ಟೈಮ್ ಎಂದು ಬದಲಿಸಿ, ಅಲ್ಲೇ ಇರುವ ಡೀಫಾಲ್ಟ್ ಆಗಿ ಉಳಿಸುವ ಗುಂಡಿ ಒತ್ತಿ. ಆ ಗುಂಡಿ ಮರೆತರೆ ಮುಂದಿನ ಪ್ರಾಜೆಕ್ಟಿನಲ್ಲಿ ಮತ್ತದೇ ರಾಮಾಯಣ. ಕೀಬೋರ್ಡಿನ ಮಿಡಿ ಟ್ರ್ಯಾಕ್ (ಸದ್ದಲ್ಲ, ಒತ್ತಿದ ಸ್ವರಗಳ ದಾಖಲೆ) ಇದ್ದರೆ ಅದೊಂದಕ್ಕೆ ಮಾತ್ರ ಬಲ ಕ್ಲಿಕ್‌ನಲ್ಲಿ ಟ್ರ್ಯಾಕ್ ಟೈಮ್‌ಬೇಸ್ ಬೀಟ್ಸ್ ಕೊಡಿ, ಇಲ್ಲವಾದರೆ ಟೆಂಪೋ ಬದಲಾದಾಗ ಅದು ಹಿಂದುಳಿಯುತ್ತದೆ.

ಆಗಲೇ ಹಿಗ್ಗಿ ಹೋಗಿದ್ದರೆ? ಟೆಂಪೋವನ್ನು 120ಕ್ಕೆ ವಾಪಸ್ ತಂದರೆ ಎಲ್ಲ ಸ್ವಸ್ಥಾನಕ್ಕೆ ಮರಳುತ್ತದೆ. ಆಮೇಲೆ ಟೈಮ್‌ಬೇಸ್ ಬದಲಿಸಿ, ಮತ್ತೆ 80 ಮಾಡಿ. ಆದರೆ 80ರಲ್ಲಿದ್ದಾಗ ಮೃದಂಗವನ್ನೂ ರೆಕಾರ್ಡ್ ಮಾಡಿಬಿಟ್ಟಿದ್ದರೆ ಕ್ರಮ ತಪ್ಪಬಾರದು: ಮೊದಲು ಮೃದಂಗದ ಟ್ರ್ಯಾಕನ್ನು ಮಾತ್ರ ಟೈಮ್‌ಗೆ ಕಟ್ಟಿ, ನಂತರ 120, ನಂತರ ಇಡೀ ಪ್ರಾಜೆಕ್ಟನ್ನು ಟೈಮ್ ಮಾಡಿ, ಕೊನೆಗೆ 80. ಉಲ್ಟಾ ಮಾಡಿದರೆ ಆಲಾಪನೆ ಸರಿಹೋಗಿ ಮೃದಂಗ ಓಡುತ್ತದೆ.

ಆಲಾಪನೆ ಮುಗಿದು ಹಾಡು ಶುರುವಾಗುವಲ್ಲಿ ಕರ್ಸರನ್ನು ಸಮದ (ತಾಳದ ಮೊದಲ ಬಡಿತದ) ಮೇಲಿಟ್ಟು ಶಿಫ್ಟ್ ಹಿಡಿದು ಸಿ ಒತ್ತಿದರೆ ಹೊಸ ಟೆಂಪೋ ಗುರುತು ಹಾಕಬಹುದು. ಎತ್ತುಗಡೆಯ, ಅಂದರೆ ಹಾಡು ಶುರುವಾಗುವ ಜಾಗದ, ಮೇಲಲ್ಲ, ಸಮದ ಮೇಲೆ. ಸಮದ ನಂತರ ಶುರುವಾಗುವ ಅನಾಗತದ ಹಾಡಿಗೆ ಇಲ್ಲಿ ತಪ್ಪಿದರೆ ತಾಳ ತೋರಿಸುವ ಕ್ಲಿಕ್ ಸದ್ದು ಕೊನೆಯವರೆಗೂ ತಪ್ಪೇ. ಮಿಶ್ರಚಾಪುವಿಗೆ 7/4 ಕೊಟ್ಟರೆ ಲೆಕ್ಕ ಸರಳ. ಬಡಿತದ ಮಾದರಿಯಲ್ಲಿ 3, 2, 2ಕ್ಕೆ ಒತ್ತು ಕೊಡುವುದು ಸಾಧ್ಯ.

ಕ್ಯೂಬೇಸ್‌ನಲ್ಲಿ ಈ ಕಾಟ ಅರ್ಧ ಮಾತ್ರ. ಟೆಂಪೋ ಬದಲಿಸಿದರೆ ತುಂಡುಗಳು ಜಾಗ ಬಿಟ್ಟು ಸರಿಯಬಹುದು, ಆದರೆ ತುಂಡನ್ನು ಟೆಂಪೋಗೆ ಕಟ್ಟುವ ಮ್ಯೂಸಿಕಲ್ ಮೋಡ್ ಆನ್ ಮಾಡದ ಹೊರತು ಹಿಗ್ಗುವುದಿಲ್ಲ. ಮಿಡಿ ಕೆಲಸದಲ್ಲಿ, ಸ್ವರಲಿಪಿ ಅಚ್ಚಿನಲ್ಲಿ, ಸ್ವರಗುಚ್ಛಗಳ (ಕಾರ್ಡ್) ಜೋಡಣೆಯಲ್ಲಿ ಅದು ರೀಪರ್‌ಗಿಂತ ಮೇಲು. ಕೀಬೋರ್ಡಿನಲ್ಲೇ ಇಡೀ ವಾದ್ಯವೃಂದ ಕಟ್ಟುವವರು ಕಣ್ಣುಮುಚ್ಚಿ ಅದನ್ನೇ ಹಿಡಿಯಬಹುದು. 2022ರ 12ನೇ ಆವೃತ್ತಿಯಿಂದ ಲೈಸೆನ್ಸಿಗೆಂದು ಸಿಕ್ಕಿಸಿಡಬೇಕಿದ್ದ ಯುಎಸ್‌ಬಿ ಡಾಂಗಲ್ ಕಾಟವೂ ತಪ್ಪಿದೆ. ತೊಡಕು ಬೆಲೆಯದು. ಚಿಕ್ಕ ರೂಪವಾದ ಎಲಿಮೆಂಟ್ಸ್ 100 ಡಾಲರ್, ಪೂರ್ತಿ ರೂಪವಾದ ಪ್ರೋ 580ರ ಹತ್ತಿರ, ಅದರ ಮೇಲೆ ಹೊಸ ಆವೃತ್ತಿ ಬಂದಾಗಲೆಲ್ಲ ಅಪ್‌ಗ್ರೇಡ್ ಖರ್ಚು. ಐದು ಟ್ರ್ಯಾಕಿನ ಹಾಡಿಗೆ ಇದು ಮದುವೆ ಛತ್ರ ಬಾಡಿಗೆಗೆ ಹಿಡಿದು ನಾಮಕರಣ ಮಾಡಿದ ಹಾಗೆ. ಆ ದುಡ್ಡಲ್ಲಿ ಒಂದು ಒಳ್ಳೆಯ ಮೈಕ್ ಬರುತ್ತದೆ.

ಆಡಾಸಿಟಿ ಪುಕ್ಕಟೆ, ಮತ್ತು ಕಥೆ ಓದುವುದು, ಉಪನ್ಯಾಸ, ಒಂಟಿ ದನಿಯ ಕೆಲಸಕ್ಕೆ ಇಂದಿಗೂ ಅದೇ ಸಾಕು. 3.2ರಿಂದ ಎಫೆಕ್ಟ್‌ಗಳನ್ನು ಕೇಳುತ್ತಲೇ ಬದಲಿಸಬಹುದು. ಫ್ಯಾನಿನ ಸದ್ದು ತೆಗೆಯುವುದು ಅಲ್ಲೇ ಸುಲಭ. ರೀಪರ್‌ನಲ್ಲಿ ಅದೇ ಕೆಲಸಕ್ಕೆ ರಿಯಾಫರ್ ಎಂಬ ಪ್ಲಗಿನ್‌ನ ಸಬ್‌ಟ್ರಾಕ್ಟ್ ಮೋಡ್ ಬೇಕು. ಬರೀ ಫ್ಯಾನ್ ಸದ್ದಿರುವ ಎರಡು ಸೆಕೆಂಡ್ ಕೇಳಿಸಿ, ಕಲಿಯುವ ಟಿಕ್ ತೆಗೆಯಬೇಕು. ಟಿಕ್ ತೆಗೆಯಲು ಮರೆತರೆ ಅದು ಹಾಡುವ ದನಿಯನ್ನೂ ಸದ್ದೆಂದು ಕಲಿತು ಒರೆಸಿಬಿಡುತ್ತದೆ.

ಆದರೆ ಒಂದರ ಮೇಲೊಂದು ಹಾಡಿ ನುಡಿಸುವ ಕೆಲಸಕ್ಕೆ ಆಡಾಸಿಟಿ ಒದ್ದಾಡಿಸುತ್ತದೆ. ಲೈಸೆನ್ಸ್ ತೊಡಕಿನಿಂದ ಅದರ ವಿಂಡೋಸ್ ಆವೃತ್ತಿಯಲ್ಲಿ ವರ್ಷಗಟ್ಟಲೆ ಏಸಿಯೋ (ಸದ್ದಿನ ವಿಳಂಬ ತಗ್ಗಿಸುವ) ಡ್ರೈವರ್ ಬೆಂಬಲ ಇರಲಿಲ್ಲ. ವಿಳಂಬ ಸರಿದೂಗಿಸಲು ಮೊದಲೇ ಕೊಟ್ಟಿರುವ ಮೈನಸ್ 130 ಮಿಲಿಸೆಕೆಂಡ್ ಎಲ್ಲರ ಯಂತ್ರಕ್ಕೂ ಹೊಂದುವುದಿಲ್ಲ, ಅಳೆದು ಸರಿಮಾಡಬೇಕು. ರೀಪರ್‌ನಲ್ಲಿ ಏಸಿಯೋ ಹಿಡಿದು 48,000 ಹರ್ಟ್ಸ್, ಬಫರ್ 256 ಇಟ್ಟರೆ ಒಂದು ಬಫರಿನ ವಿಳಂಬ 5.3 ಮಿಲಿಸೆಕೆಂಡ್. ಹೆಡ್‌ಫೋನಿನಲ್ಲಿ ತಬಲಾ ಕೇಳುತ್ತಾ ಹಾಡಲು ಅಡ್ಡಿಯಿಲ್ಲ.

ಪಿಚ್ ತಿದ್ದುವ ಉಪಕರಣಗಳ ಬಗ್ಗೆ ಒಂದೇ ಮಾತು: ಯಾವುದೇ ಸಾಫ್ಟ್‌ವೇರ್ ಇರಲಿ, ಆಟೋಮ್ಯಾಟಿಕ್ ಬೇಡ. ತೋಡಿ ರಾಗದ ಗಾಂಧಾರವನ್ನು ಅದು ಹಾರ್ಮೋನಿಯಂ ಮನೆಯಲ್ಲಿ ಕೂಡಿಹಾಕುತ್ತದೆ.

ಆಡಾಸಿಟಿಯಿಂದ ರೀಪರ್‌ಗೆ ಬರುವವರು ಆಡಾಸಿಟಿಯ ಪ್ರಾಜೆಕ್ಟ್ ಫೈಲಾದ ಎಯುಪಿ3ಯನ್ನು ಹಾಗೇ ತೆರೆಯಲು ಆಗುವುದಿಲ್ಲ. ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ವೇವ್ ಫೈಲಾಗಿ, 24 ಬಿಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಬೇಕು. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಮೊದಲ ತುಂಡಿನ ಹಿಂದಿನ ಖಾಲಿ ಜಾಗ ಕತ್ತರಿಸುವ ಟಿಕ್ ಇದೆ, ಅದನ್ನು ತೆಗೆದಿಡಿ. ಇಲ್ಲದಿದ್ದರೆ ಎರಡನೇ ನಿಮಿಷಕ್ಕೆ ಬರಬೇಕಾದ ಕೊಳಲು ಸೊನ್ನೆಯಿಂದಲೇ ಶುರುವಾಗುತ್ತದೆ. 48,000 ಹರ್ಟ್ಸ್, 24 ಬಿಟ್‌ನ ಒಂದು ಮಾನೋ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ, ಐದು ಟ್ರ್ಯಾಕ್, ಒಂದು ಗಂಟೆಗೆ 2.6 ಜಿಬಿ ಜಾಗ ಇಟ್ಟುಕೊಳ್ಳಿ.

6ರಿಂದ 7ಕ್ಕೆ ಬರುವವರು ನಡುವೆ ನಿಂತ ಆಲ್ಬಂ ಇದ್ದರೆ ಅದನ್ನು 6ರಲ್ಲೇ ಮುಗಿಸಿ. ಅಲ್ಲಿಯವರೆಗೆ 7ನ್ನು ಇನ್‌ಸ್ಟಾಲ್ ಮಾಡುವಾಗ ಪೋರ್ಟಬಲ್ ಇನ್‌ಸ್ಟಾಲ್ ಟಿಕ್ ಹಾಕಿ ಬೇರೆ ಫೋಲ್ಡರಿನಲ್ಲೋ ಪೆನ್‌ಡ್ರೈವಿನಲ್ಲೋ ಇಟ್ಟುಕೊಳ್ಳಿ, ಎರಡರ ಸೆಟ್ಟಿಂಗ್ ಒಂದಕ್ಕೊಂದು ಮುಟ್ಟುವುದಿಲ್ಲ. ಹಳೆಯ ಪ್ರಾಜೆಕ್ಟನ್ನು 7ರಲ್ಲಿ ತೆರೆದು ನೋಡುವ ಮುಂಚೆ ಫೋಲ್ಡರಿನ ನಕಲು ಮಾಡಿ, ನಕಲನ್ನೇ ತೆರೆಯಿರಿ. ಯಾವ ಫೈಲು ಯಾವುದರಲ್ಲಿ ಸೇವ್ ಆಯಿತೆಂದು ಗೊಂದಲವಾದರೆ ರೀಪರ್‌ನ ಪ್ರಾಜೆಕ್ಟ್ ಫೈಲಾದ ಆರ್‌ಪಿಪಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಕು, ಮೊದಲ ಸಾಲಿನಲ್ಲೇ ಆವೃತ್ತಿಯ ಸಂಖ್ಯೆ ಬರೆದಿರುತ್ತದೆ.