ಬೆಳ್ಳಿ ಬೆರೆಸಿದ ರಿಟೇನರ್: ಎರಡು ವರ್ಷ ಧರಿಸಿದ ಮೇಲೆ

ಹಲ್ಲಿನ ತಂತಿ ಬಿಚ್ಚಿಸಿದ ಮೇಲೆ, ಸರಿಹೋದ ಸಾಲು ಮತ್ತೆ ಕದಲದಂತೆ ರಾತ್ರಿ ಧರಿಸಲು ಎರಡು ರಿಟೇನರ್ ಮಾಡಿಸಿಕೊಂಡೆ. ಎರಡೂ ಅಕ್ರಿಲಿಕ್ ತಳಕ್ಕೆ ಉಕ್ಕಿನ ತಂತಿ ಕೂರಿಸಿದವು. ಕೆಳದವಡೆಯದಕ್ಕೆ ಮಾತ್ರ, ಬ್ಯಾಕ್ಟೀರಿಯಾ ಬೆಳೆಯದಿರಲೆಂದು, ಬೆಳ್ಳಿಯ ನ್ಯಾನೊ ಕಣಗಳನ್ನು ಬೆರೆಸಿದ ಅಕ್ರಿಲಿಕ್ ಬಳಸಲಾಗಿತ್ತು. ಒಂದೇ ಬಾಯಲ್ಲಿ ಎರಡನ್ನೂ ಹೋಲಿಸಬಹುದೆಂಬ ಹುಮ್ಮಸ್ಸು ನನಗಿತ್ತು.

ಮೊದಲ ಕೆಲವು ತಿಂಗಳು ವ್ಯತ್ಯಾಸ ಸ್ಪಷ್ಟವಾಗಿತ್ತು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದಲೂ, ರಿಟೇನರ್‌ನ ಅಡಿಗೆ ಅದು ಸರಿಯಾಗಿ ಹರಿಯದಿರುವುದರಿಂದಲೂ ಮೇಲಿನದು ಬೆಳಗಾಗುವಷ್ಟರಲ್ಲಿ ಲೋಳೆಗಟ್ಟಿ ವಾಸನೆ ಬರುತ್ತಿತ್ತು; ಕೆಳಗಿನದು ಅಷ್ಟಾಗಿ ಬರುತ್ತಿರಲಿಲ್ಲ. ಬೆಳ್ಳಿಯ ಅಯಾನುಗಳು ಸೂಕ್ಷ್ಮಜೀವಿಗಳ ಪ್ರೋಟೀನಿನಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿ ಅವುಗಳ ಕೆಲಸ ಕೆಡಿಸುತ್ತವೆ. ಹಲ್ಲು ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮಾತ್ರವಲ್ಲ, ಅಕ್ರಿಲಿಕ್ ಮೇಲೆ ಸುಲಭವಾಗಿ ನೆಲೆಸುವ ಕ್ಯಾಂಡಿಡಾ ಶಿಲೀಂಧ್ರಕ್ಕೂ ಈ ಪೆಟ್ಟು ತಗಲುತ್ತದೆ.

ನಾನು ಎಡವಿದ್ದು ಕಿಟ್ಟದ ವಿಷಯದಲ್ಲಿ. ಆರನೆಯ ತಿಂಗಳ ಹೊತ್ತಿಗೆ, ಬೆಳ್ಳಿ ಇದ್ದ ರಿಟೇನರ್‌ನ ಒಳಬದಿಯಲ್ಲಿಯೇ, ಮುಂಭಾಗದ ಹಲ್ಲುಗಳ ಹಿಂದೆ, ಉಗುರಿಗೂ ಜಗ್ಗದ ಬಿಳಿ ಹಕ್ಕಳೆ ಕಾಣಿಸಿಕೊಂಡಿತು. ಮೇಲಿನದರಲ್ಲಿ ಅದರ ಸುಳಿವೂ ಇರಲಿಲ್ಲ. ವಸ್ತುವೇ ಕಳಪೆಯೆಂದು ಮುನಿಸಿಕೊಂಡಿದ್ದೆ. ಆದರೆ ನಾಲಗೆಯ ಅಡಿಯಲ್ಲಿ ಜೊಲ್ಲಿನ ನಾಳಗಳು ತೆರೆದುಕೊಳ್ಳುವುದು ಅಲ್ಲಿಯೇ, ಆ ಜೊಲ್ಲಿನ ಕ್ಯಾಲ್ಸಿಯಂ ಫಾಸ್ಫೇಟ್ ಗಟ್ಟಿಯಾಗುವುದೂ ಅಲ್ಲಿಯೇ. ಸತ್ತ ಬ್ಯಾಕ್ಟೀರಿಯಾದ ಪದರವೂ ಹಾಗೆಯೇ ಕಲ್ಲಾಗಬಲ್ಲದಾದ್ದರಿಂದ, ಬೆಳ್ಳಿ ಎಷ್ಟೇ ಕೊಂದರೂ ಕೊಂದದ್ದನ್ನು ಉಜ್ಜಿ ತೆಗೆಯುವ ಕೆಲಸ ನನ್ನದೇ ಆಗಿತ್ತು. ನನ್ನ ಹೋಲಿಕೆಯೇ ನ್ಯಾಯವಾದದ್ದಾಗಿರಲಿಲ್ಲ.

ಇನ್ನೊಂದು ತಪ್ಪು ಟೂತ್‌ಪೇಸ್ಟ್. ಅದರ ಒರಟು ಕಣಗಳು ಅಕ್ರಿಲಿಕ್‌ಗೆ ಗೀರು ಹಾಕುತ್ತವೆ. ಮೇಲ್ಮೈಯ ಒರಟುತನ ಸುಮಾರು 0.2 ಮೈಕ್ರೊಮೀಟರ್ ದಾಟಿದರೆ ಬ್ಯಾಕ್ಟೀರಿಯಾದ ಪಾಚಿ ಹೆಚ್ಚು ಕೂರುತ್ತದೆಂಬುದು ದಂತವೈದ್ಯರು ಬಹುಕಾಲದಿಂದ ಬಳಸುವ ಅಳತೆ. ಎರಡನೆಯ ವರ್ಷದಲ್ಲಿ ವಾಸನೆಯ ವ್ಯತ್ಯಾಸವೂ ಅಳಿಸಿಹೋಯಿತು. ಅಯಾನು ಬಿಡುಗಡೆಯಾಗುತ್ತ ಹೋದಂತೆ ಇಂಥ ವಸ್ತುವಿನ ಬಲ ಕುಂದುತ್ತದೆ, ಜೊತೆಗೆ ಬಾಯಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನ್ ಅದರ ಮೇಲೆ ತೆಳುಪೊರೆ ಕಟ್ಟುತ್ತದೆ. ಈಗ ಮೃದು ಬ್ರಷ್, ಸೌಮ್ಯ ಸೋಪು, ತಣ್ಣೀರು ಇಷ್ಟೇ ಬಳಸುತ್ತೇನೆ. ಬಿಸಿನೀರು ತಳವನ್ನು ಸೊಟ್ಟಗಾಗಿಸುತ್ತದೆ. ವಾರಕ್ಕೆರಡು ಸಲ ನೊರೆಯೇಳುವ ಮಾತ್ರೆಯಲ್ಲಿ ನೆನೆಸುತ್ತೇನೆ, ಅದರಲ್ಲಿರುವ ಪರ್ಸಲ್ಫೇಟ್ ಕೆಲವರಿಗೆ ಅಲರ್ಜಿ ತರುವುದರಿಂದ ಚೆನ್ನಾಗಿ ತೊಳೆದೇ ಧರಿಸುತ್ತೇನೆ.

ಬೆಳ್ಳಿಯಿಂದ ತಳದ ಬಣ್ಣ ತುಸು ಕಂದಾಗಿದೆ. ಬಾಯೊಳಗೆ ಅದು ಯಾರಿಗೂ ಕಾಣದು. ಇದು ಸವೆದಾಗ ಕೆಳದವಡೆಗೆ ಸಾಮಾನ್ಯ ಅಕ್ರಿಲಿಕ್ಕನ್ನೇ ಹಾಕಿಸಿ, ಚೆನ್ನಾಗಿ ಪಾಲಿಶ್ ಮಾಡಿಕೊಡಲು ಕೇಳುತ್ತೇನೆ. ಬೆಳ್ಳಿ ಬೇಕಿದ್ದರೆ ಅದು ಅಂಗುಳನ್ನು ರಾತ್ರಿಯಿಡೀ ಮುಚ್ಚಿರುವ ಮೇಲಿನದಕ್ಕಿರಲಿ.