ಹಳೆಯ ಮ್ಯಾಗ್‌ಲೈಟ್ ಟಾರ್ಚಿಗೆ ಪೆಲಿಕನ್ ಬಲ್ಬು: ಒಂದು ಮಳೆಗಾಲದ ಬಳಕೆಯ ನಂತರ

ಎರಡು ಡಿ ಸೆಲ್ಲುಗಳ (ದಪ್ಪ ಟಾರ್ಚು ಸೆಲ್ಲುಗಳ) ಮ್ಯಾಗ್‌ಲೈಟ್ ಟಾರ್ಚೊಂದು ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಇದೆ. ಕ್ಯಾಲಿಫೋರ್ನಿಯಾದ ಆಂಥನಿ ಮ್ಯಾಗ್ಲಿಕಾ 1979ರಲ್ಲಿ ಮಾರುಕಟ್ಟೆಗೆ ತಂದ ಈ ಟಾರ್ಚಿನ ಅಲ್ಯೂಮಿನಿಯಂ ಮೈ ಎಷ್ಟು ಗಟ್ಟಿಯೋ, ಅದರ ಮೂಲ ಬಲ್ಬಿನ ಬೆಳಕು ಅಷ್ಟೇ ಸಾಧಾರಣವಾದದ್ದು. ಅಡಿಕೆ ತೋಟದ ನಾಲ್ಕನೆಯ ಸಾಲಿಗೆ ಹೋಗುವಷ್ಟರಲ್ಲಿ ಅದು ಮಂಕಾಗುತ್ತಿತ್ತು. ಎಲ್‌ಇಡಿ ಟಾರ್ಚು ಕೊಳ್ಳಬಹುದಿತ್ತಾದರೂ, ಒದ್ದೆ ಸೋಗೆಯ ಕಂದು ಬಣ್ಣವನ್ನೂ ಅದರ ಮೇಲೆ ಮಲಗಿರಬಹುದಾದ ಹಾವಿನ ಬಣ್ಣವನ್ನೂ ಬೇರೆಬೇರೆಯಾಗಿ ತೋರಿಸುವುದರಲ್ಲಿ ಫಿಲಮೆಂಟಿನ ಬೆಳಕಿಗೆ ಸಮನಾದದ್ದು ಅಗ್ಗದ ಎಲ್‌ಇಡಿಗಳಲ್ಲಿ ನನಗೆ ಸಿಕ್ಕಿಲ್ಲ. ಆದ್ದರಿಂದ, ಹವ್ಯಾಸಿಗಳು 'ರೋರ್ ಆಫ್ ದ ಪೆಲಿಕನ್' ಎಂದು ಕರೆಯುವ ಮಾರ್ಪಾಡನ್ನೇ ಮಾಡಿಕೊಂಡೆ.

ಪೆಲಿಕನ್ ಕಂಪನಿಯ 3854 ಸಂಖ್ಯೆಯ ಜೋಡಿಯಲ್ಲಿ ಒಂದು ಕಡಿಮೆ ಶಕ್ತಿಯ ಬಲ್ಬೂ ಒಂದು ಹೆಚ್ಚು ಶಕ್ತಿಯ ಬಲ್ಬೂ ಇರುತ್ತವೆ. ಎರಡು ಡಿ ಸೆಲ್ಲುಗಳ ಜಾಗದಲ್ಲಿ, ತಲಾ ಮೂರು ಎಎ ಸೆಲ್ಲು (ತೆಳು ಪೆನ್ಸಿಲ್ ಸೆಲ್ಲು) ಹಿಡಿಯುವ ಎರಡು ಅಡಾಪ್ಟರ್‌ಗಳನ್ನು ಕೂರಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಆರು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದರೆ 3 ವೋಲ್ಟಿನ ಟಾರ್ಚು 7.2 ವೋಲ್ಟಿನದಾಗುತ್ತದೆ. ಬಲ್ಬಿನ ಸುತ್ತ ಬೆಳಕನ್ನು ಮುಂದಕ್ಕೆ ಚಿಮ್ಮಿಸುವ ಪ್ಲಾಸ್ಟಿಕ್ ರಿಫ್ಲೆಕ್ಟರನ್ನೂ ಮುಂದಿನ ಪ್ಲಾಸ್ಟಿಕ್ ಮುಚ್ಚಳವನ್ನೂ ತೆಗೆದು ಲೋಹದ ರಿಫ್ಲೆಕ್ಟರು ಮತ್ತು ಶಾಖ ತಾಳುವ ಗಾಜು ಹಾಕಲೇಬೇಕು. ಹೆಚ್ಚು ಶಕ್ತಿಯ ಬಲ್ಬಿನ ಕಾವಿಗೆ ಪ್ಲಾಸ್ಟಿಕ್ ಕರಗುತ್ತದೆ. ನಾನು ಹಾಕಿದ ರಿಫ್ಲೆಕ್ಟರಿನ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿರುವುದರಿಂದ ಬೆಳಕಿನ ವೃತ್ತದ ನಡುವೆ ಕಾಣುತ್ತಿದ್ದ ಕಪ್ಪು ಕಲೆಗಳು ಮಾಯವಾದವು.

ಮೊದಲ ಬಲ್ಬನ್ನು ನಾನೇ ಸುಟ್ಟೆ. ಚಾರ್ಜರಿನಿಂದ ಆಗಷ್ಟೇ ತೆಗೆದ ಸೆಲ್ಲುಗಳು ತಲಾ 1.4 ವೋಲ್ಟಿಗಿಂತ ಹೆಚ್ಚು ತೋರಿಸುತ್ತಿದ್ದವು. ಗುಂಡಿ ಒತ್ತಿದೊಡನೆ ನೀಲಿ ಬಿಳುಪಿನ ಒಂದು ಮಿಂಚು ಹೊಡೆದು ಎಲ್ಲವೂ ಕತ್ತಲಾಯಿತು. ತಣ್ಣಗಿರುವಾಗ ಫಿಲಮೆಂಟಿನ ರೋಧ ತೀರಾ ಕಡಿಮೆಯಿರುವುದರಿಂದ ಆ ಮೊದಲ ಕ್ಷಣದಲ್ಲಿ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಈಗ ಚಾರ್ಜ್ ಆದ ಸೆಲ್ಲುಗಳನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು ಮರುದಿನ ಬಳಸುತ್ತೇನೆ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟದೆ ಬಟ್ಟೆಯಲ್ಲಿ ಹಿಡಿದು ಕೂರಿಸುತ್ತೇನೆ.

ಬಲ್ಬು ಬದಲಿಸಿದ ಮೇಲೂ ಬೆಳಕು ನನ್ನ ನಿರೀಕ್ಷೆಯಷ್ಟಿರಲಿಲ್ಲ. ಕಾರಣ ಹಿಂಬದಿಯ ಮುಚ್ಚಳದಲ್ಲಿತ್ತು. ಅಲ್ಲಿನ ಉಕ್ಕಿನ ಸ್ಪ್ರಿಂಗೂ ಅದು ತಾಗುವ ಬಣ್ಣದ ಪದರವೂ ವೋಲ್ಟೇಜನ್ನು ನುಂಗುತ್ತಿದ್ದವು. ಆ ಜಾಗದ ಪದರವನ್ನು ಮರಳು ಕಾಗದದಿಂದ ಕೆರೆದು, ಸ್ಪ್ರಿಂಗಿನ ಒಳಗೆ ಹೆಣೆದ ತಾಮ್ರದ ತಂತಿಯೊಂದನ್ನು ಬೆಸುಗೆ ಹಾಕಿದೆ. ಬಲ್ಬಿಗೆ ಸಿಗುವ ವೋಲ್ಟೇಜು ನೂರಕ್ಕೆ ಐದರಷ್ಟು ಏರಿದರೆ ಬೆಳಕು ಸುಮಾರು ಹದಿನೆಂಟರಷ್ಟು ಏರುತ್ತದೆ, ಬಲ್ಬಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅರ್ಧ ಗಂಟೆಯ ಈ ಕೆಲಸದಿಂದ ಹಳದಿಯಾಗಿದ್ದ ಬೆಳಕು ಬೆಳ್ಳಗಾದದ್ದು ಬರಿಗಣ್ಣಿಗೇ ಕಂಡಿತು. ದುಡ್ಡು ಹಾಕಿ ತಂದ ಬಿಡಿಭಾಗಗಳಿಗಿಂತ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಇದೇ.

ಕೊರತೆಗಳೂ ಸಣ್ಣವಲ್ಲ. 2000 ಎಂಎಎಚ್ ಸೆಲ್ಲುಗಳಲ್ಲಿ ಕಡಿಮೆ ಶಕ್ತಿಯ ಬಲ್ಬು ಒಂದು ಗಂಟೆ ಬಂದರೆ ಹೆಚ್ಚು. ಬೆಳಕು ಕೆಂಪಗಾಗತೊಡಗಿದ ಮೇಲೂ ಉರಿಸಿದರೆ ದುರ್ಬಲ ಸೆಲ್ಲೊಂದು ತಿರುಗುಮುರುಗಾಗಿ ಚಾರ್ಜಾಗಿ ಹಾಳಾಗುತ್ತದೆ; ಆರೂ ಸೆಲ್ಲುಗಳು ಒಂದೇ ವಯಸ್ಸಿನವಾಗಿರಬೇಕು. ಟಾರ್ಚಿನ ತಲೆ ಹತ್ತು ನಿಮಿಷದಲ್ಲಿ ಕೈ ಇಡಲಾಗದಷ್ಟು ಬಿಸಿಯಾಗುವುದರಿಂದ ಹೆಚ್ಚು ಶಕ್ತಿಯ ಬಲ್ಬನ್ನು ನಾನು ಎರಡೇ ಸಲ ಹಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ದಿನವೂ ತೋಟಕ್ಕೆ ಒಯ್ಯುವುದು ಕಡಿಮೆ ಶಕ್ತಿಯದನ್ನೇ. ಅದರ ಬೆಳಕಿನಲ್ಲಿ ತೋಟದ ಕೊನೆಯ ಬೇಲಿಯವರೆಗೂ, ಮರಗಳ ಬುಡದಲ್ಲಿ ಬೆಳೆದ ಪಾಚಿಯ ಹಸಿರೂ ಸೇರಿ, ನಿಚ್ಚಳವಾಗಿ ಕಾಣುತ್ತದೆ.